ಗೂಗಲ್ ಖಾತೆಯಿಂದ ಲಾಗಿನ್: ಸದಸ್ಯತ್ವದ ದಾಖಲೆ ಯಾರ ಬಳಿ ಇರಬೇಕು?

ಪ್ರಶ್ನೆ: ಮಲೆನಾಡಿನ ಅಡಿಕೆ ಬೆಳೆಗಾರರಿಗಾಗಿ ನಾವು ಕೆಲವು ಸ್ನೇಹಿತರು ಸೇರಿ ಒಂದು ಜಾಲತಾಣ ನಡೆಸುತ್ತಿದ್ದೇವೆ. ಅದು ವರ್ಡ್‌ಪ್ರೆಸ್ ಎಂಬ ಜಾಲತಾಣ ತಂತ್ರಾಂಶದಲ್ಲಿದೆ. ಎಲೆಚುಕ್ಕಿ ರೋಗ, ಕೊಳೆರೋಗ, ಮಾರುಕಟ್ಟೆ ಧಾರಣೆ ಮುಂತಾದವುಗಳ ಬಗ್ಗೆ ಸದಸ್ಯರು ಫೋಟೊ ಹಾಕಿ ಪ್ರಶ್ನೆ ಕೇಳುತ್ತಾರೆ, ಅನುಭವಿಗಳು ಉತ್ತರಿಸುತ್ತಾರೆ. ಸದಸ್ಯರು ಎರಡು ಸಾವಿರದ ಆಸುಪಾಸು ಇದ್ದಾರೆ. ಓದಿ ಹೋಗುವವರು ಇನ್ನೂ ಎಷ್ಟೋ ಜನ. ಆದರೆ ನೋಂದಣಿ ಪುಟಕ್ಕೆ ಬಂದವರಲ್ಲಿ ಬಹಳಷ್ಟು ಮಂದಿ ಅರ್ಧಕ್ಕೇ ಬಿಟ್ಟುಹೋಗುತ್ತಾರೆ, ಹಳಬರು ಪಾಸ್‌ವರ್ಡ್ ಮರೆತು ಫೋನ್ ಮಾಡುತ್ತಾರೆ. ಗೂಗಲ್, ಫೇಸ್‌ಬುಕ್, ಎಕ್ಸ್ ಖಾತೆಗಳಿಂದಲೇ ಒಳಗೆ ಬರುವ ಸೌಲಭ್ಯ ಕೊಡಬಹುದೇ? ಹಾಗೆ ಮಾಡಿದರೆ ಸದಸ್ಯರ ಮಾಹಿತಿಯೆಲ್ಲ ಆ ಕಂಪನಿಗಳ ಪಾಲಾಗುತ್ತದೆ ಎಂದು ನಮ್ಮಲ್ಲೇ ಕೆಲವರು ಆಕ್ಷೇಪಿಸುತ್ತಿದ್ದಾರೆ.

ಉತ್ತರ: ಕೊಡಬಹುದು. ಗೂಗಲ್ ಒಂದನ್ನು ಸೇರಿಸಿ. ಅದರ ಜೊತೆಗೆ ಇಮೇಲ್‌ಗೆ ಒಂದು ಬಾರಿ ಮಾತ್ರ ಕೆಲಸ ಮಾಡುವ ಲಾಗಿನ್ ಲಿಂಕ್ ಕಳುಹಿಸುವ ವ್ಯವಸ್ಥೆಯನ್ನೂ ಇಟ್ಟುಕೊಳ್ಳಿ. ಫೇಸ್‌ಬುಕ್ಕನ್ನು ಸದ್ಯಕ್ಕೆ ಮುಂದೂಡಿ. ಎಕ್ಸ್ ಅನ್ನು ಕೈಬಿಡಿ. ಇದು ನಿಮ್ಮಂಥ ತಾಣಕ್ಕೆ ನನ್ನ ಸಲಹೆ. ಆದರೆ ಯಾವ ಯಾವ ಬಟನ್ ಇಡಬೇಕು ಎನ್ನುವುದಕ್ಕಿಂತ ಮೊದಲೇ ಇತ್ಯರ್ಥವಾಗಬೇಕಾದ ಸಂಗತಿ ಬೇರೊಂದಿದೆ. ನಿಮ್ಮ ಸದಸ್ಯ ಯಾರು, ಅವರ ಹೆಸರೇನು, ಅವರು ಯಾವ ಊರಿನವರು, ಇದುವರೆಗೆ ಏನೇನು ಬರೆದಿದ್ದಾರೆ ಎಂಬ ದಾಖಲೆ ನಿಮ್ಮ ಡೇಟಾಬೇಸ್‌ನಲ್ಲಿ ಸ್ವತಂತ್ರವಾಗಿ ನಿಲ್ಲಬೇಕು. ಗೂಗಲ್ ಖಾತೆಯು ಆ ದಾಖಲೆಗೆ ಜೋಡಿಸಿದ ಗುರುತುಗಳಲ್ಲಿ ಒಂದು ಮಾತ್ರ ಆಗಿರಬೇಕು. ಈ ವಿಂಗಡಣೆ ಸರಿಯಾಗಿದ್ದರೆ ಮುಂದೆ ಯಾವ ಕಂಪನಿಯ ಬಟನ್ ತೆಗೆದರೂ ಸದಸ್ಯರು ಉಳಿಯುತ್ತಾರೆ. ಸರಿಯಾಗಿರದಿದ್ದರೆ, ಇಂದು ಸಲೀಸಾಗಿ ಕಾಣುವ ವ್ಯವಸ್ಥೆ ಎರಡು ಮೂರು ವರ್ಷಗಳಲ್ಲಿ ನಿಮ್ಮನ್ನು ಪಾಸ್‌ವರ್ಡ್‌ಗಿಂತ ಹೆಚ್ಚು ಕಾಡುತ್ತದೆ.

ಆಕ್ಷೇಪಕ್ಕೆ ಉತ್ತರ ಹೇಳಬೇಕಾದರೆ, ಬಟನ್ ಒತ್ತಿದಾಗ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು. ಸದಸ್ಯರು 'ಗೂಗಲ್ ಮೂಲಕ ಲಾಗಿನ್' ಎಂಬುದನ್ನು ಒತ್ತಿದೊಡನೆ ನಿಮ್ಮ ತಾಣವು ಅವರ ಬ್ರೌಸರನ್ನು ಗೂಗಲ್‌ನ ಪುಟಕ್ಕೆ ಕಳುಹಿಸುತ್ತದೆ. ಪಾಸ್‌ವರ್ಡ್ ಕೊಡುವುದು, ಖಾತೆ ಆರಿಸುವುದು, ಒಪ್ಪಿಗೆ ಸೂಚಿಸುವುದು ಎಲ್ಲವೂ ಆ ಪುಟದಲ್ಲೇ ಆಗುತ್ತದೆ. ಪಾಸ್‌ವರ್ಡ್ ನಿಮ್ಮ ಸರ್ವರಿನ ಹತ್ತಿರವೂ ಸುಳಿಯುವುದಿಲ್ಲ. ಒಪ್ಪಿಗೆಯಾದ ಮೇಲೆ ಗೂಗಲ್, ನೀವು ಮೊದಲೇ ನೋಂದಾಯಿಸಿಟ್ಟ ನಿಮ್ಮ ತಾಣದ ವಿಳಾಸಕ್ಕೆ, ಅಲ್ಪಾಯುಷಿಯಾದ ಒಂದು ಸಂಕೇತದೊಂದಿಗೆ ಬ್ರೌಸರನ್ನು ಹಿಂದಿರುಗಿಸುತ್ತದೆ. ನಿಮ್ಮ ಸರ್ವರ್ ಆ ಸಂಕೇತವನ್ನೂ ತನ್ನ ಬಳಿಯ ಗುಪ್ತ ಕೀಲಿಯನ್ನೂ ನೇರವಾಗಿ ಗೂಗಲ್‌ಗೆ ಕೊಟ್ಟು, ಅದಕ್ಕೆ ಬದಲಾಗಿ ಸಹಿ ಮಾಡಿದ ಒಂದು ಟೋಕನ್, ಅಂದರೆ ಡಿಜಿಟಲ್ ಚೀಟಿ, ಪಡೆಯುತ್ತದೆ. ಅದರಲ್ಲಿ ಬರುವುದು ಇಷ್ಟು: ಆ ಖಾತೆಯ ಬದಲಾಗದ ಗುರುತುಸಂಖ್ಯೆ, ಹೆಸರು, ಇಮೇಲ್ ವಿಳಾಸ, ಆ ವಿಳಾಸ ಪರಿಶೀಲಿತವೋ ಅಲ್ಲವೋ ಎಂಬ ಸೂಚನೆ, ಮತ್ತು ಭಾವಚಿತ್ರದ ಕೊಂಡಿ. ಇದಕ್ಕಿಂತ ಹೆಚ್ಚಿನದನ್ನು, ಅಂದರೆ ಸಂಪರ್ಕಗಳ ಪಟ್ಟಿ, ಡ್ರೈವ್ ಮುಂತಾದವುಗಳನ್ನು, ನೀವು ಕೇಳಿದರೆ ಮಾತ್ರ ಗೂಗಲ್ ಕೊಡುತ್ತದೆ, ಮತ್ತು ನೀವು ಕೇಳಬಾರದು.

ಇಲ್ಲಿ ಕೆಲಸ ಮಾಡುವುದು ಎರಡು ಮಾನದಂಡಗಳು. 2012ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಓಆಥ್ 2.0 ಎಂಬುದು ಅನುಮತಿಗೆ ಸಂಬಂಧಿಸಿದ್ದು. ಒಬ್ಬರ ಪರವಾಗಿ ಇನ್ನೊಂದು ತಂತ್ರಾಂಶ ಏನನ್ನು ಮುಟ್ಟಬಹುದು ಎಂಬುದನ್ನಷ್ಟೇ ಅದು ಹೇಳುತ್ತದೆ. ಬಂದವರು ಯಾರು ಎಂಬುದನ್ನು ಖಚಿತಪಡಿಸಲು ಅದರ ಮೇಲೆ ಕಟ್ಟಿದ ಓಪನ್‌ಐಡಿ ಕನೆಕ್ಟ್ ಬಂದದ್ದು 2014ರ ಫೆಬ್ರುವರಿಯಲ್ಲಿ. ಈ ನಡುವಿನ ವರ್ಷಗಳಲ್ಲಿ ಅನೇಕರು ಅನುಮತಿಯ ಟೋಕನ್ನನ್ನೇ ಗುರುತಿನ ಪುರಾವೆಯೆಂದು ಭಾವಿಸಿ ತಂತ್ರಾಂಶ ಬರೆದರು, ಅದರಿಂದ ಸುರಕ್ಷತೆಯಲ್ಲಿ ಹಲವು ಬಿರುಕುಗಳೂ ಆದವು. ವರ್ಡ್‌ಪ್ರೆಸ್‌ಗೆ ಈ ಲಾಗಿನ್ ಸೌಲಭ್ಯ ಸೇರಿಸಲು ನೀವು ಆರಿಸುವ ಪ್ಲಗಿನ್ (ಜೋಡಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶ) ಓಪನ್‌ಐಡಿ ಕನೆಕ್ಟ್ ವಿಧಾನವನ್ನು ಬಳಸುತ್ತದೆಯೇ, ಟೋಕನ್‌ನ ಸಹಿಯನ್ನೂ ಅದು ನಿಮ್ಮ ತಾಣಕ್ಕಾಗಿಯೇ ಕೊಟ್ಟದ್ದೇ ಎಂಬುದನ್ನೂ ಪರಿಶೀಲಿಸುತ್ತದೆಯೇ ಎಂದು ನೋಡಿಕೊಳ್ಳಿ.

ಹಾಗಾದರೆ ಕಂಪನಿಗೆ ಏನೂ ಗೊತ್ತಾಗುವುದಿಲ್ಲವೇ? ಗೊತ್ತಾಗುತ್ತದೆ. ಇಂಥ ಖಾತೆಯವರು ಇಂಥ ತಾಣಕ್ಕೆ ಇಷ್ಟು ಹೊತ್ತಿಗೆ ಲಾಗಿನ್ ಆದರು ಎಂಬ ಸಂಗತಿ ಗೂಗಲ್‌ಗೆ ತಿಳಿಯುತ್ತದೆ. ಒಳಗೆ ಬಂದ ಮೇಲೆ ಅವರು ಏನು ಬರೆದರು ಎಂಬುದು ಈ ವ್ಯವಸ್ಥೆಯ ಮೂಲಕ ತಿಳಿಯುವುದಿಲ್ಲ. ಆದರೆ ಬಟನ್ ಇಡುವ ವಿಧಾನದಲ್ಲೇ ಒಂದು ಸೂಕ್ಷ್ಮವಿದೆ. ಕಂಪನಿಗಳು ಕೊಡುವ ಸಿದ್ಧ ಸ್ಕ್ರಿಪ್ಟನ್ನು ಪುಟಕ್ಕೆ ಸೇರಿಸಿದರೆ, ಬಟನ್ ಒತ್ತದೆ ಬರೇ ಓದಿ ಹೋಗುವವರ ಬ್ರೌಸರ್ ಕೂಡ ಆ ಕಂಪನಿಯ ಸರ್ವರನ್ನು ಸಂಪರ್ಕಿಸುತ್ತದೆ. ಫೇಸ್‌ಬುಕ್‌ನ ಲೈಕ್ ಬಟನ್ ಇಟ್ಟಿದ್ದ ಒಂದು ಬಟ್ಟೆ ಮಾರಾಟದ ತಾಣದ ಪ್ರಕರಣದಲ್ಲಿ, ಹಾಗೆ ಮಾಹಿತಿ ಸಂಗ್ರಹಿಸಿ ರವಾನಿಸುವುದಕ್ಕೆ ತಾಣದ ಮಾಲೀಕರೂ ಜಂಟಿಯಾಗಿ ಹೊಣೆಗಾರರು ಎಂದು ಯುರೋಪಿನ ನ್ಯಾಯಾಲಯವು 2019ರ ಜುಲೈನಲ್ಲಿ ತೀರ್ಪಿತ್ತಿದೆ. ಆದ್ದರಿಂದ ನಿಮ್ಮದೇ ಚಿತ್ರ, ನಿಮ್ಮದೇ ಸಾಧಾರಣ ಲಿಂಕ್ ಇಟ್ಟು, ಒತ್ತಿದಾಗ ಮಾತ್ರ ಗೂಗಲ್‌ಗೆ ಹೋಗುವಂತೆ ಮಾಡಿ. ಆಕ್ಷೇಪಿಸಿದ ಸ್ನೇಹಿತರ ಆತಂಕದಲ್ಲಿ ನ್ಯಾಯವಾದ ಭಾಗ ಇದು, ಮತ್ತು ಇದಕ್ಕೆ ಇಷ್ಟು ಸುಲಭವಾದ ಪರಿಹಾರವಿದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಹಳ್ಳಿಗಳಲ್ಲಿ ಆಂಡ್ರಾಯ್ಡ್ ಫೋನ್ ಇರುವ ಹೆಚ್ಚುಕಡಿಮೆ ಎಲ್ಲರಿಗೂ ಗೂಗಲ್ ಖಾತೆ ಇದೆ, ಆದರೆ ಅದನ್ನು ತಾವೇ ಮಾಡಿಕೊಂಡವರು ಕಡಿಮೆ. ಫೋನ್ ಕೊಂಡ ದಿನ ಅಂಗಡಿಯ ಹುಡುಗ ಏನೋ ಒಂದು ವಿಳಾಸ, ಏನೋ ಒಂದು ಪಾಸ್‌ವರ್ಡ್ ಹಾಕಿ ಕೊಟ್ಟಿರುತ್ತಾನೆ, ಇಲ್ಲವೇ ಬೆಂಗಳೂರಿನಿಂದ ಬಂದ ಮಗನೋ ಮೊಮ್ಮಗಳೋ ತಮ್ಮ ಹಳೆಯ ಖಾತೆಯನ್ನೇ ಅದರಲ್ಲಿ ಬಿಟ್ಟಿರುತ್ತಾರೆ. ಆ ಫೋನ್ ಇರುವಷ್ಟು ದಿನ ಲಾಗಿನ್ ಚೆಂದವಾಗಿ ನಡೆಯುತ್ತದೆ: ಬಟನ್ ಒತ್ತಿದರೆ ಫೋನಿನಲ್ಲಿರುವ ಖಾತೆ ತಾನಾಗಿ ಕಾಣಿಸುತ್ತದೆ, ಇನ್ನೊಮ್ಮೆ ಒತ್ತಿದರೆ ಮುಗಿಯಿತು. ನೀವು ಬಯಸುತ್ತಿರುವ ಸಲೀಸು ಇದೇ, ಮತ್ತು ಅದು ನಿಜವಾದ ಲಾಭವೇ. ಆದರೆ ಫೋನ್ ತೋಟದ ಹೊಂಡಕ್ಕೆ ಬಿದ್ದು ಹಾಳಾದಾಗ, ಹೊಸ ಫೋನಿಗೆ ಅಂಗಡಿಯವರು ಹೊಸ ಖಾತೆ ಮಾಡಿಕೊಡುತ್ತಾರೆ. ಹಳೆಯದರ ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ಸದಸ್ಯರು ಮತ್ತೆ ಬಟನ್ ಒತ್ತುತ್ತಾರೆ, ನಿಮ್ಮ ತಾಣ ಅವರನ್ನು ಹೊಸಬರೆಂದು ಸ್ವಾಗತಿಸುತ್ತದೆ. ಎಲೆಚುಕ್ಕಿಯ ಬಗ್ಗೆ ನಾಲ್ಕು ವರ್ಷ ಬರೆದ ಹಿರಿಯರು ಒಂದೇ ದಿನದಲ್ಲಿ ಒಂದೂ ಬರಹವಿಲ್ಲದ ಹೊಸ ಸದಸ್ಯರಾಗುತ್ತಾರೆ. ಎರಡು ವರ್ಷ ಬಳಕೆಯಾಗದ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿರುವುದರಿಂದ, ಆ ಹಳೆಯ ಖಾತೆ ಮುಂದೊಂದು ದಿನ ಹುಡುಕಿದರೂ ಸಿಗದೆ ಹೋಗಬಹುದು.

ಇದಕ್ಕಾಗಿಯೇ ಸದಸ್ಯರ ಕೋಷ್ಟಕವನ್ನೂ ಗುರುತುಗಳ ಕೋಷ್ಟಕವನ್ನೂ ಬೇರೆ ಮಾಡಿ ಎಂದು ಮೊದಲೇ ಹೇಳಿದ್ದು. ಒಬ್ಬ ಸದಸ್ಯರಿಗೆ ಎರಡು ಗೂಗಲ್ ಖಾತೆ, ಒಂದು ಇಮೇಲ್, ಬೇಕಾದರೆ ಒಂದು ಪಾಸ್‌ವರ್ಡ್ ಜೋಡಣೆಯಾಗಲು ಅವಕಾಶವಿರಲಿ. ಮೊದಲ ಬಾರಿ ಗೂಗಲ್‌ನಿಂದ ಬಂದವರಿಗೆ ಒಂದೇ ಒಂದು ಪುಟ ತೋರಿಸಿ: ಕನ್ನಡದಲ್ಲಿ ನಿಮ್ಮ ಹೆಸರು, ಊರು, ಮತ್ತು ನಿಮ್ಮನ್ನು ತಲುಪಲು ಇನ್ನೊಂದು ದಾರಿ. ಗೂಗಲ್ ಕೊಡುವ ಹೆಸರನ್ನೇ ನೇರವಾಗಿ ಪ್ರಕಟಿಸಬೇಡಿ. ಅಲ್ಲಿ ಅಂಗಡಿಯ ಹೆಸರೋ ಮೊಮ್ಮಗನ ಹೆಸರೋ ಇರುವುದು ನಿಮಗೆ ಬೇಗನೆ ಅನುಭವಕ್ಕೆ ಬರುತ್ತದೆ. ಖಾತೆ ಕಳೆದುಕೊಂಡವರನ್ನು ಹಳೆಯ ದಾಖಲೆಗೆ ಮರಳಿ ಜೋಡಿಸುವ ಅಧಿಕಾರ ಇಬ್ಬರು ನಿರ್ವಾಹಕರಿಗೆ ಇರಲಿ. ನೋಂದಣಿಯ ಸಮಯದಲ್ಲಿ ಕೊಟ್ಟ ವಿವರವನ್ನು ದೂರವಾಣಿಯಲ್ಲಿ ವಿಚಾರಿಸಿ, ಪರಿಚಿತ ಸದಸ್ಯರೊಬ್ಬರಿಂದ ಖಚಿತಪಡಿಸಿಕೊಂಡು, ಯಾರು ಯಾವಾಗ ಜೋಡಿಸಿದರು ಎಂಬುದನ್ನು ಬರೆದಿಡಿ. ದೊಡ್ಡ ಕಂಪನಿಗಳಿಗೆ ಸಾಧ್ಯವಿಲ್ಲದ ಈ ಪರಿಚಯದ ಬಲ ನಿಮ್ಮ ತಾಣಕ್ಕಿದೆ, ಅದನ್ನು ಬಳಸಿಕೊಳ್ಳಿ.

ಹಾಗಾದರೆ ಮೊಬೈಲ್ ಸಂಖ್ಯೆಗೆ ಒಟಿಪಿ ಕಳುಹಿಸುವುದೇ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಹಿರಿಯರಿಗೆ ಅದು ಸುಲಭ ನಿಜ. ಆದರೆ ನಮ್ಮ ದೇಶದಲ್ಲಿ ಅಂಥ ಎಸ್‌ಎಂಎಸ್ ಕಳುಹಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ, ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಸಂಸ್ಥೆಯನ್ನೂ ಸಂದೇಶದ ಮಾದರಿಯನ್ನೂ ನೋಂದಾಯಿಸಬೇಕು, ಪ್ರತಿ ಸಂದೇಶಕ್ಕೂ ಹಣ ತೆರಬೇಕು. ಮೇಲಾಗಿ ನಿಷ್ಕ್ರಿಯಗೊಂಡ ಸಂಖ್ಯೆಯನ್ನು 90 ದಿನಗಳ ನಂತರ ಬೇರೆಯವರಿಗೆ ಹಂಚಬಹುದು. ಆಗ ಹೊಸ ಗ್ರಾಹಕರು ಹಳೆಯ ಸದಸ್ಯರಾಗಿ ಒಳಗೆ ಬರುತ್ತಾರೆ. ನೋಂದಾಯಿತ ಸಂಸ್ಥೆಯಲ್ಲದ ಸ್ನೇಹಿತರ ಗುಂಪಿಗೆ ಇದು ಸದ್ಯಕ್ಕೆ ಭಾರವೇ.

ಈಗಿರುವ ಎರಡು ಸಾವಿರ ಸದಸ್ಯರನ್ನು ಗೂಗಲ್ ಖಾತೆಗಳಿಗೆ ಜೋಡಿಸುವ ಹಂತದಲ್ಲಿ ಅತ್ಯಂತ ಎಚ್ಚರ ಬೇಕು, ಏಕೆಂದರೆ ಖಾತೆಗಳ ಕಳ್ಳತನಕ್ಕೆ ದಾರಿಯಾಗುವುದು ಇಲ್ಲಿಯೇ. ಇಮೇಲ್ ಹೊಂದಿದರೆ ಎರಡೂ ಒಬ್ಬರದೇ ಎಂದು ತಿಳಿದು ತಾನಾಗಿ ಜೋಡಿಸುವುದು ಪ್ಲಗಿನ್‌ಗಳಲ್ಲಿ ಸಾಮಾನ್ಯ. ಇದರಲ್ಲಿ ಎರಡು ಬಗೆಯ ಅಪಾಯಗಳಿವೆ. ಒಂದನೆಯದು, ಗುರುತು ಕೊಡುವ ಕಂಪನಿ ಇಮೇಲನ್ನು ಪರಿಶೀಲಿಸಿರದಿದ್ದರೆ ಯಾರು ಬೇಕಾದರೂ ನಿಮ್ಮ ಸದಸ್ಯರ ವಿಳಾಸವನ್ನು ತಮ್ಮ ಖಾತೆಗೆ ಬರೆದುಕೊಂಡು ಬರಬಹುದು. ಮೈಕ್ರೋಸಾಫ್ಟ್‌ನ ಸಂಸ್ಥಾ ಖಾತೆಗಳಲ್ಲಿ ಇಮೇಲ್ ಎಂಬ ಅಂಶವನ್ನು ಹೀಗೆ ಬದಲಿಸಲು ಸಾಧ್ಯವಿದ್ದು, ಅದನ್ನೇ ನಂಬಿದ್ದ ತಾಣಗಳಲ್ಲಿ ಪರರ ಖಾತೆಗೆ ನುಗ್ಗಬಹುದೆಂಬುದು 2023ರಲ್ಲಿ ಬಯಲಾಯಿತು. ಎರಡನೆಯದು ಇದರ ತಲೆಕೆಳಗು: ದುರುದ್ದೇಶದವರೊಬ್ಬರು ನಿಮ್ಮ ತಾಣದಲ್ಲಿ ಬೇರೊಬ್ಬರ ಇಮೇಲ್ ಹಾಕಿ, ತಮ್ಮದೇ ಪಾಸ್‌ವರ್ಡ್ ಇಟ್ಟು ಮೊದಲೇ ಖಾತೆ ತೆರೆದಿಡುತ್ತಾರೆ. ಆ ಇಮೇಲ್‌ನ ನಿಜವಾದ ಒಡೆಯರು ಮುಂದೆ ಗೂಗಲ್‌ನಿಂದ ಬಂದಾಗ ತಾಣವು ಅವರನ್ನು ಅದೇ ಖಾತೆಗೆ ಜೋಡಿಸುತ್ತದೆ. ಹೊಂಚು ಹಾಕಿದ್ದವರ ಪಾಸ್‌ವರ್ಡ್ ಇನ್ನೂ ಚಾಲ್ತಿಯಲ್ಲಿರುತ್ತದೆ.

ಹಾಗಾಗಿ ನಿಯಮ ಹೀಗಿರಲಿ. ಒಮ್ಮೆ ಜೋಡಣೆಯಾದ ಮೇಲೆ ಸದಸ್ಯರನ್ನು ಗುರುತಿಸಬೇಕಾದದ್ದು ಟೋಕನ್‌ನಲ್ಲಿ 'ಸಬ್' ಎಂಬ ಹೆಸರಿನಲ್ಲಿ ಬರುವ ಗುರುತುಸಂಖ್ಯೆಯಿಂದಲೇ ಹೊರತು ಇಮೇಲ್‌ನಿಂದ ಅಲ್ಲ. ಗೂಗಲ್‌ನ ಸೂಚನೆಯೂ ಇದೇ. ಮೊದಲ ಜೋಡಣೆಯ ವೇಳೆ ಇಮೇಲ್ ಹೊಂದಿದರೂ, ಆ ವಿಳಾಸಕ್ಕೆ ಒಂದು ಲಿಂಕ್ ಕಳುಹಿಸಿ ಅದನ್ನು ತೆರೆದ ಮೇಲಷ್ಟೇ ಜೋಡಿಸಿ, ಅಥವಾ ಹಳೆಯ ಪಾಸ್‌ವರ್ಡ್‌ನಿಂದ ಒಳಗೆ ಬಂದವರು ತಮ್ಮ ಸೆಟ್ಟಿಂಗ್ಸ್ ಪುಟದಿಂದ ಗೂಗಲ್ ಖಾತೆಯನ್ನು ಸೇರಿಸಿಕೊಳ್ಳಲಿ. ಇಮೇಲ್ ಪರಿಶೀಲನೆಯೇ ಆಗಿರದ ಹಳೆಯ ಖಾತೆಗಳಿಗೆ ತಾನಾಗಿ ಜೋಡಿಸುವುದನ್ನು ಪೂರ್ತಿ ನಿಲ್ಲಿಸಿ, ಜೋಡಣೆಯಾದ ಕ್ಷಣದಲ್ಲಿ ಹಳೆಯ ಪಾಸ್‌ವರ್ಡನ್ನೂ ತೆರೆದಿರುವ ಸೆಷನ್‌ಗಳನ್ನೂ, ಅಂದರೆ ಈಗಾಗಲೇ ಆಗಿರುವ ಲಾಗಿನ್‌ಗಳನ್ನೂ, ರದ್ದುಗೊಳಿಸಿ. ಕೊನೆಯದಾಗಿ, ಸದಸ್ಯರ ಬಳಿ ಬೇರೆ ದಾರಿಯಿಲ್ಲದಿರುವಾಗ, ಇರುವ ಒಂದೇ ಗುರುತನ್ನು ಕಳಚಲು ತಾಣ ಬಿಡಬಾರದು. ಎಷ್ಟೋ ತಾಣಗಳಲ್ಲಿ ಜನ ತಮ್ಮನ್ನು ತಾವೇ ಹೊರಗೆ ಹಾಕಿಕೊಳ್ಳುವುದು ಹೀಗೆಯೇ.

ಪ್ಲಗಿನ್‌ನ ಆಯ್ಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 30,000ಕ್ಕೂ ಹೆಚ್ಚು ವರ್ಡ್‌ಪ್ರೆಸ್ ತಾಣಗಳಲ್ಲಿದ್ದ ಮಿನಿಆರೆಂಜ್‌ನ ಸೋಶಿಯಲ್ ಲಾಗಿನ್ ಪ್ಲಗಿನ್‌ನಲ್ಲಿ 2023ರ ಜೂನ್‌ನಲ್ಲಿ ಗಂಭೀರ ದೋಷವೊಂದು ಹೊರಬಿತ್ತು. ಲಾಗಿನ್ ಮಾಹಿತಿಯನ್ನು ಮುಚ್ಚಿಡಲು ಅದು ಬಳಸುತ್ತಿದ್ದ ಕೀಲಿ ಎಲ್ಲ ತಾಣಗಳಲ್ಲೂ ಒಂದೇ ಆಗಿತ್ತು. ಆದ್ದರಿಂದ ಸದಸ್ಯರ ಇಮೇಲ್ ಗೊತ್ತಿದ್ದವರು ಅವರ ಹೆಸರಿನಲ್ಲಿ, ನಿರ್ವಾಹಕರ ಇಮೇಲ್ ಗೊತ್ತಿದ್ದವರು ನಿರ್ವಾಹಕರ ಹೆಸರಿನಲ್ಲೇ ಒಳಗೆ ಬರಬಹುದಾಗಿತ್ತು. ದೋಷ ತಿದ್ದಿದ ಆವೃತ್ತಿ ಅದೇ ತಿಂಗಳು ಬಂತು, ಆದರೆ ಅದನ್ನು ಹಾಕಿಕೊಳ್ಳಬೇಕಾದವರು ತಾಣ ನಡೆಸುವವರು. ನಿಮ್ಮ ತಂಡದಲ್ಲಿ ಅಪ್‌ಡೇಟ್ ನೋಡುವ ಹೊಣೆ ಯಾರದೆಂದು ಹೆಸರಿಟ್ಟು ಗೊತ್ತುಮಾಡಿಕೊಳ್ಳಿ. ಇಪ್ಪತ್ತು ಮೂವತ್ತು ಕಂಪನಿಗಳ ಬಟನ್ ಕೊಡುತ್ತೇವೆ ಎನ್ನುವ ಪ್ಲಗಿನ್‌ಗಿಂತ ಒಂದೆರಡನ್ನು ಅಚ್ಚುಕಟ್ಟಾಗಿ ಮಾಡುವುದೇ ಮೇಲು.

ಕಂಪನಿಗಳ ಆಯ್ಕೆಯ ಬಗ್ಗೆ ನನ್ನ ಸಲಹೆಗೆ ಕಾರಣಗಳನ್ನೂ ಹೇಳುತ್ತೇನೆ. ಇಂಥ ಲಾಗಿನ್ ಸೇವೆ ಕೊಟ್ಟು ಬಾಗಿಲು ಮುಚ್ಚಿಕೊಂಡವರ ಪಟ್ಟಿ ಉದ್ದವಾಗಿದೆ: ಮೈಓಪನ್‌ಐಡಿ 2014ರಲ್ಲಿ, ಮೊಜಿಲ್ಲಾದ ಪರ್ಸೋನಾ 2016ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ನಿಂತುಹೋದವು. ಈಗ ಎಕ್ಸ್ ಎನಿಸಿಕೊಂಡಿರುವ ಟ್ವಿಟರ್ 2023ರ ಫೆಬ್ರುವರಿಯಲ್ಲಿ ತನ್ನ ಉಚಿತ ಎಪಿಐ (ಬೇರೆ ತಂತ್ರಾಂಶಗಳು ಅದರೊಂದಿಗೆ ಸಂಪರ್ಕಿಸುವ ದಾರಿ) ನಿಲ್ಲಿಸುವುದಾಗಿ ಘೋಷಿಸಿ, ಅದನ್ನೇ ನೆಚ್ಚಿದ್ದ ಸಣ್ಣ ಸಣ್ಣ ಸೇವೆಗಳನ್ನು ದಿಕ್ಕುಗೆಡಿಸಿತು. ಎಕ್ಸ್ ಬೇಡ ಎನ್ನಲು ಅದೇ ಸಾಕು, ನಿಮ್ಮ ಸದಸ್ಯರಲ್ಲಿ ಅದನ್ನು ಬಳಸುವವರೂ ಕಡಿಮೆಯೇ ಇರುತ್ತಾರೆ. ಫೇಸ್‌ಬುಕ್ ಬಳಸುವವರು ನಿಮ್ಮಲ್ಲಿ ಹೆಚ್ಚಿರಬಹುದು. ಆದರೆ ಮೊಬೈಲ್ ಸಂಖ್ಯೆಯಿಂದ ಖಾತೆ ತೆರೆದವರ ವಿಷಯದಲ್ಲಿ ಅದು ಇಮೇಲನ್ನೇ ಕೊಡದಿರಬಹುದು. ಸದಸ್ಯರು ಮಾಹಿತಿ ಅಳಿಸಲು ಕೋರುವ ಪುಟ, ಖಾಸಗಿತನ ನೀತಿ, ಫೇಸ್‌ಬುಕ್‌ನಿಂದ ನಿಯತವಾಗಿ ಬರುವ ಪ್ರಶ್ನಾವಳಿಗಳು ಎಂದು ನಿಮ್ಮ ಕೆಲಸ ಬೆಳೆಯುತ್ತದೆ, ಮತ್ತು ಸಮಯಕ್ಕೆ ಉತ್ತರಿಸದಿದ್ದರೆ ಲಾಗಿನ್ ನಿಂತುಹೋಗಬಹುದು. 2018ರ ಸೆಪ್ಟೆಂಬರ್‌ನಲ್ಲಿ ಬಯಲಾದ ದಾಳಿಯಲ್ಲಿ ಸುಮಾರು 3 ಕೋಟಿ ಫೇಸ್‌ಬುಕ್ ಖಾತೆಗಳ ಟೋಕನ್‌ಗಳು ಕಳುವಾದವು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ತಾಸು ಸ್ಥಗಿತಗೊಂಡಾಗ ಅದರ ಮೂಲಕ ಬೇರೆ ತಾಣಗಳಿಗೆ ಲಾಗಿನ್ ಆಗುತ್ತಿದ್ದವರೂ ಹೊರಗುಳಿದರು. ಗೂಗಲ್‌ಗೂ ಇಂಥದ್ದು ಆಗದೆಂದಲ್ಲ, ಇಮೇಲ್ ಲಿಂಕ್ ಜೊತೆಗಿರಲಿ ಎಂದದ್ದು ಅದಕ್ಕೇ. ಅಮೆರಿಕ, ಯುರೋಪುಗಳಲ್ಲಿದ್ದುಕೊಂಡು ಊರಿನ ತೋಟ ನೋಡಿಕೊಳ್ಳುವ ಸದಸ್ಯರು ಆಪಲ್ ಲಾಗಿನ್ ಕೇಳಬಹುದು. ಅದಕ್ಕೆ ವರ್ಷಕ್ಕೆ 99 ಡಾಲರ್‌ನ ಡೆವಲಪರ್ ಸದಸ್ಯತ್ವ ಬೇಕು, ಹೆಸರನ್ನು ಅದು ಮೊದಲ ಬಾರಿ ಮಾತ್ರ ಕೊಡುತ್ತದೆ, ಇಮೇಲನ್ನೂ ಮರೆಮಾಚಬಹುದು. ಅವರಿಗೆ ಇಮೇಲ್ ಲಿಂಕ್ ಸಾಕು.

ನಿಮ್ಮ ಓದುಗರು ಎಲ್ಲಿಂದ ಬರುತ್ತಾರೆ ಎಂಬುದನ್ನೂ ಗಮನಿಸಿ. ನಿಮ್ಮ ಪುಟದ ಲಿಂಕನ್ನು ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಮ್‌ನಲ್ಲಿ ಒತ್ತಿದವರಿಗೆ ಅದು ಆ ಆ್ಯಪ್‌ನ ಒಳಗಿನ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಅಂಥ ಒಳಬ್ರೌಸರುಗಳಿಂದ ಲಾಗಿನ್ ಆಗುವುದನ್ನು ಗೂಗಲ್ ಸುರಕ್ಷತೆಯ ಕಾರಣಕ್ಕೆ 2021ರಿಂದ ತಡೆದಿದೆ. ಸದಸ್ಯರಿಗೆ ಕಾಣುವುದು 'ಎರರ್ 403: ಡಿಸ್‌ಅಲೌಡ್ ಯೂಸರ್‌ಏಜೆಂಟ್' ಎಂಬ ಇಂಗ್ಲಿಷ್ ಸಾಲು, ನಿಮ್ಮ ತಾಣವೇ ಕೆಟ್ಟಿದೆ ಎಂದುಕೊಂಡು ಅವರು ಹೊರಟುಹೋಗುತ್ತಾರೆ. ಇದನ್ನು ನಿಮ್ಮ ಕಡೆಯಿಂದ ಸರಿಪಡಿಸಲು ಬರುವುದಿಲ್ಲ. ಒಳಬ್ರೌಸರಿನಿಂದ ಬಂದವರನ್ನು ಗುರುತಿಸಿ, ಗೂಗಲ್ ಬಟನ್‌ನ ಜಾಗದಲ್ಲಿ 'ಮೇಲಿನ ಮೂರು ಚುಕ್ಕಿ ಒತ್ತಿ, ಕ್ರೋಮ್‌ನಲ್ಲಿ ತೆರೆಯಿರಿ' ಎಂದು ಕನ್ನಡದಲ್ಲಿ ತೋರಿಸಿ, ಕೆಳಗೆ ಇಮೇಲ್ ಲಿಂಕಿನ ದಾರಿಯನ್ನು ಕೊಡಿ.

ಗೂಗಲ್ ಕ್ಲೌಡ್‌ನಲ್ಲಿ ಪ್ರಾಜೆಕ್ಟ್ ತೆರೆದು, ಮೇಲೆ ಹೇಳಿದ ಗುಪ್ತ ಕೀಲಿ ಪಡೆಯುವ ಕೆಲಸ ದೊಡ್ಡದಲ್ಲ, ಹೆಸರು ಮತ್ತು ಇಮೇಲ್ ಮಾತ್ರ ಕೇಳುವ ಲಾಗಿನ್‌ಗೆ ಶುಲ್ಕವೂ ಇಲ್ಲ. ಆದರೆ ಆ ಪ್ರಾಜೆಕ್ಟನ್ನು ತಂತ್ರಜ್ಞಾನ ತಿಳಿದ ಒಬ್ಬ ಸ್ನೇಹಿತರ ಸ್ವಂತ ಖಾತೆಯಲ್ಲಿ ತೆರೆಯಬೇಡಿ. ಅವರು ಕೆಲಸ ಬದಲಿಸಿ ದೂರವಾದ ಮೇಲೆ, ಕೀಲಿ ಬದಲಿಸಬೇಕಾದ ದಿನ ಯಾರ ಕೈಗೂ ಅದು ಸಿಗದ ಪರಿಸ್ಥಿತಿಯನ್ನು ನಾನು ಹಲವು ಸಂಘಗಳಲ್ಲಿ ನೋಡಿದ್ದೇನೆ. ತಾಣದ ಹೆಸರಿನಲ್ಲೇ ಒಂದು ಖಾತೆ ಮಾಡಿ, ಇಬ್ಬರನ್ನಾದರೂ ಒಡೆಯರನ್ನಾಗಿ ಸೇರಿಸಿ. ಪ್ರಾಜೆಕ್ಟನ್ನು 'ಪರೀಕ್ಷೆ' ಸ್ಥಿತಿಯಲ್ಲೇ ಬಿಟ್ಟರೆ ಪರೀಕ್ಷಾ ಬಳಕೆದಾರರ ಮಿತಿ 100. ಅದನ್ನು ಪ್ರಕಟಿತ ಸ್ಥಿತಿಗೆ ತರಲು ಮರೆಯಬೇಡಿ. ಒಪ್ಪಿಗೆಯ ನಂತರ ಬ್ರೌಸರ್ ಹಿಂದಿರುಗುವ ವಿಳಾಸ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕದ್ದು) ಆಗಿರಬೇಕು, ನೀವು ನೋಂದಾಯಿಸಿದ್ದರೊಂದಿಗೆ ಅಕ್ಷರಶಃ ಹೊಂದಬೇಕು. ಕೊನೆಯ ಓರೆಗೆರೆಯೊಂದು ಹೆಚ್ಚಾದರೂ ಲಾಗಿನ್ ಆಗದು.

ಕಾನೂನಿನ ಮಾತೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ನಿಮ್ಮಂಥವರ ಮೇಲಿನ ಮುಖ್ಯ ಹೊಣೆಗಳು 18 ತಿಂಗಳ ನಂತರ ಜಾರಿಗೆ ಬರುತ್ತವೆ. ಯಾವ ಮಾಹಿತಿಯನ್ನು ಏಕೆ ಪಡೆಯುತ್ತೀರಿ ಎಂಬ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಸದಸ್ಯರಿಗೆ ಕೊಡಬೇಕು. ಕನ್ನಡ ಆ ಪರಿಚ್ಛೇದದಲ್ಲಿದೆ, ನೀವಂತೂ ಕನ್ನಡದಲ್ಲೇ ಮೊದಲು ಬರೆಯುವವರು. ಒಪ್ಪಿಗೆ ಹಿಂಪಡೆಯುವುದು ಕೊಡುವಷ್ಟೇ ಸುಲಭವಾಗಿರಬೇಕು, 18 ವರ್ಷದೊಳಗಿನವರಿಗೆ ಪೋಷಕರ ಪರಿಶೀಲಿತ ಸಮ್ಮತಿ ಬೇಕು. ಗೂಗಲ್ ಪುಟದಲ್ಲಿ ಒತ್ತಿದ ಒಪ್ಪಿಗೆ ಇವುಗಳಿಗೆ ಪರ್ಯಾಯವಾಗದು, ಏಕೆಂದರೆ ಆಮೇಲೆ ಆ ಮಾಹಿತಿಯನ್ನು ಇಟ್ಟುಕೊಳ್ಳುವವರು ನೀವು. ಭಾವಚಿತ್ರದ ಕೊಂಡಿ ನಿಮಗೆ ಬೇಕಿಲ್ಲದಿದ್ದರೆ ಉಳಿಸಿಕೊಳ್ಳಲೇಬೇಡಿ. ಲಾಗಿನ್ ಮುಗಿದ ಮೇಲೆ ಗೂಗಲ್‌ನ ಟೋಕನ್ನನ್ನೂ ಇಟ್ಟುಕೊಳ್ಳಬೇಕಿಲ್ಲ.

ಗೂಗಲ್ ಲಾಗಿನ್ ಬಂದರೆ ನಕಲಿ ಸದಸ್ಯರು ನಿಲ್ಲುತ್ತಾರೆ ಎಂಬ ನಿರೀಕ್ಷೆ ನಿಮ್ಮಲ್ಲಿದ್ದರೆ ಅದನ್ನು ಬಿಡಿ. ಅಗ್ಗದ ಕೀಟನಾಶಕ ಮಾರಲು ಬರುವವರಿಗೂ ಗೂಗಲ್ ಖಾತೆ ತೆರೆಯಲು ತಿಳಿದಿರುತ್ತದೆ. ಹೊಸಬರ ಮೊದಲ ಬರಹಗಳನ್ನು ಓದಿ ಬಿಡುವ ಈಗಿನ ಪದ್ಧತಿ ಇದ್ದರೆ ಮುಂದುವರಿಸಿ, ಇಲ್ಲದಿದ್ದರೆ ಆರಂಭಿಸಿ.

ಜಾರಿಯನ್ನು ಎಲ್ಲ ಸದಸ್ಯರಿಗೂ ಒಮ್ಮೆಗೇ ಪ್ರಕಟಿಸುವುದಕ್ಕಿಂತ, ಮೊದಲು ಹೊಸ ನೋಂದಣಿಗಳಿಗೆ ಮಾತ್ರ ತೆರೆಯಿರಿ. ಹಿರಿಯ ಸದಸ್ಯರ ಹಳೆಯ ಫೋನುಗಳಲ್ಲಿ ಪರೀಕ್ಷಿಸಿ. ನೋಂದಣಿ ಪುಟಕ್ಕೆ ಬಂದವರಲ್ಲಿ ಎಷ್ಟು ಮಂದಿ ಪೂರ್ತಿಗೊಳಿಸಿದರು, ಎಷ್ಟು ಮಂದಿ ಗೂಗಲ್ ಪುಟದಿಂದ ಹಿಂದಿರುಗಲೇ ಇಲ್ಲ ಎಂಬುದನ್ನು ಲೆಕ್ಕ ಇಡಿ. ಒಂದೆರಡು ತಿಂಗಳ ಆ ಲೆಕ್ಕ ನೋಡಿದ ಮೇಲೆ ಹಳಬರ ಜೋಡಣೆಗೆ ಕೈಹಾಕಿ, ಫೇಸ್‌ಬುಕ್ ಬೇಕೇ ಎಂಬುದನ್ನೂ ಆಗಲೇ ತೀರ್ಮಾನಿಸಿ. ನಿರ್ವಾಹಕರ ಖಾತೆಗಳನ್ನು ಮಾತ್ರ ಈ ವ್ಯವಸ್ಥೆಯಿಂದ ಹೊರಗಿಡಿ: ಅವುಗಳಿಗೆ ಪ್ರತ್ಯೇಕ ಪಾಸ್‌ವರ್ಡ್, ಅದರ ಮೇಲೆ ಆಥೆಂಟಿಕೇಟರ್ ಆ್ಯಪ್‌ನ ಎರಡನೇ ಹಂತದ ಪರಿಶೀಲನೆ ಇರಲಿ, ಪ್ಲಗಿನ್‌ನ ಸೆಟ್ಟಿಂಗ್ಸ್‌ನಲ್ಲಿ ನಿರ್ವಾಹಕ ಪಾತ್ರದವರಿಗೆ ಸೋಶಿಯಲ್ ಲಾಗಿನ್ ತಡೆಯುವ ಆಯ್ಕೆ ಇದ್ದರೆ ಮೊದಲ ದಿನವೇ ಅದನ್ನು ಚಾಲೂ ಮಾಡಿ.